ಸ್ಟುಡಿಯೋಗೆ ಹಾರ ತುರಾಯಿ ಬೇಡ: ಊರಿನ ರೇಡಿಯೋದಲ್ಲಿ ಪುಸ್ತಕದ ಪಾಡ್‌ಕಾಸ್ಟ್ ಮಾಡುವ ಬಗೆ

ಹೊಸನಗರ ತಾಲ್ಲೂಕಿನ ಕತೆಗಾರರೊಬ್ಬರು ಎರಡು ಬಸ್ಸು ಬದಲಿಸಿ ಶಿವಮೊಗ್ಗಕ್ಕೆ ಬಂದರು. ನಮ್ಮ ಸಮುದಾಯ ರೇಡಿಯೋದ ಪುಟ್ಟ ಕೋಣೆಯಲ್ಲಿ ಕೂತು ತಮ್ಮ ಹೊಸ ಸಂಕಲನದ ಬಗ್ಗೆ ಒಂದು ಗಂಟೆ ಮಾತಾಡಿದರು. ಏಳುವಾಗ ಕೇಳಿದರು, "ಯಾವತ್ತು, ಎಷ್ಟು ಹೊತ್ತಿಗೆ ಹಾಕ್ತೀರಿ? ಮನೇಲೆಲ್ಲ ಕೇಳೋಕೆ ಕಾಯ್ತಿದಾರೆ." ನಾನು ತಲೆ ಕೆರೆದುಕೊಂಡೆ. ನಮ್ಮ ರೇಡಿಯೋ ಅವರ ಮನೆಗೆ ಕೇಳಿಸುವುದೇ ಇಲ್ಲ!

ಸಮುದಾಯ ರೇಡಿಯೋಗೆ ಸರ್ಕಾರ ಸಾಮಾನ್ಯವಾಗಿ ಕೊಡುವ ಶಕ್ತಿ 100 ವ್ಯಾಟ್. ಬಯಲುಸೀಮೆಯಲ್ಲಾದರೆ ಹತ್ತು ಹದಿನೈದು ಕಿಲೋಮೀಟರ್ ಚೆನ್ನಾಗಿ ಕೇಳುತ್ತದೆ. ಎಫ್‌ಎಂ ಅಲೆ ನೇರ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿದರೆ ನಮ್ಮ ದನಿ ಕರಕರ ಅನ್ನುತ್ತದೆ. ಭದ್ರಾವತಿ ಆಕಾಶವಾಣಿಯ ಮೀಡಿಯಂ ವೇವ್ ಕೇಳುತ್ತ ಬೆಳೆದವರಿಗೆ ಇದು ವಿಚಿತ್ರ ಅನಿಸಬಹುದು. ಆ ಅಲೆ ನೆಲ ಹಿಡಿದು ಗುಡ್ಡ ಬಳಸಿಕೊಂಡು ಬರುತ್ತದೆ, ನಮ್ಮದಕ್ಕೆ ಆ ಶಕ್ತಿ ಇಲ್ಲ.

ಅವತ್ತು ಸಂಜೆಯೇ ತೀರ್ಮಾನ ಮಾಡಿದೆವು. ರೇಡಿಯೋದಲ್ಲಿ ಹಾಕಿದ್ದನ್ನು ಪಾಡ್‌ಕಾಸ್ಟ್ ಆಗಿಯೂ ಹಾಕಬೇಕು, ಅಂದರೆ ಯಾರು ಯಾವಾಗ ಬೇಕಾದರೂ ಮೊಬೈಲಿನಲ್ಲಿ ಕೇಳುವ ಹಾಗೆ ಇಂಟರ್ನೆಟ್ಟಿನಲ್ಲಿ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮೂರಿನ ರೇಡಿಯೋದಲ್ಲಿ ಇಂಥದ್ದು ಶುರುಮಾಡುವ ಆಸೆ ಇದ್ದರೆ ನಾವು ಮಾಡಿದ ತಪ್ಪುಗಳಾದರೂ ನಿಮಗೆ ತಪ್ಪಲಿ.

ಮೊದಲು ತಲೆಯಿಂದ ತೆಗೆಯಬೇಕಾದ್ದು

ನಮ್ಮಲ್ಲಿ ಪುಸ್ತಕದ ಬಗ್ಗೆ ಮಾತು ಅಂದರೆ ಬಿಡುಗಡೆ ಸಮಾರಂಭ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಹಣ್ಣಿನ ಬುಟ್ಟಿ. ಪುಸ್ತಕ ಓದದವರೂ ಇಪ್ಪತ್ತು ನಿಮಿಷ ಹೊಗಳಬಲ್ಲರು. ಆ ಭಾಷೆ ಸಭೆಯಲ್ಲಿ ನಡೆಯುತ್ತದೆ, ಮುಂದೆ ಕೂತವರು ಎದ್ದು ಹೋಗಲು ಸಂಕೋಚಪಡುತ್ತಾರೆ. ರೇಡಿಯೋ ಕೇಳುವವರಿಗೆ ಆ ಸಂಕೋಚ ಇಲ್ಲ. ಅಡಿಕೆ ಸುಲಿಯುತ್ತ ಕೇಳುವ ಹೆಂಗಸು ಸುಮ್ನೆ ಕಿವಿ ಹಿಂಡಿ ಬೇರೆ ಕಡೆ ತಿರುಗಿಸುತ್ತಾಳೆ. ಹಿಂಡುವುದು ರೇಡಿಯೋದ ಕಿವಿ, ಆದರೆ ನೋವು ನಮಗೆ.

ಇಡೀ ಕೆಲಸದಲ್ಲಿ ನಾನು ಕಾಯುವುದು ಒಂದನ್ನೇ. ಸಮಾರಂಭದ ಮಾತು ಮೈಕಿನ ಹತ್ತಿರ ಬರಬಾರದು. ಪುಸ್ತಕ ಆರಿಸುವುದರಿಂದ ಹಿಡಿದು ಕೊನೆಯ ಕತ್ತರಿ ಪ್ರಯೋಗದವರೆಗೆ ಮುಂದೆ ಹೇಳುವುದೆಲ್ಲ ಇದನ್ನು ಹೊರಗಿಡುವ ಉಪಾಯಗಳೇ.

ಪುಸ್ತಕ ಆರಿಸುವುದು, ಓದುವುದು

ಶಿವಮೊಗ್ಗ ಜಿಲ್ಲೆಯಲ್ಲಿ ಬರೆಯುವವರಿಗೆ ಬರ ಇಲ್ಲ. ಶಿವಮೊಗ್ಗದ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಹೆಗ್ಗೋಡಿನ ನೀನಾಸಂ ಕಡೆ ಹೋದಾಗ ಪುಸ್ತಕದ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಅಲ್ಲಿಯ ಕನ್ನಡ ವಿಭಾಗದ ಹುಡುಗರನ್ನು ಕೇಳಿದರೆ ಯಾರ ಮೊದಲ ಪುಸ್ತಕ ಬಂತು ಅಂತ ಹೇಳುತ್ತಾರೆ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಯಲ್ಲಿ ಕೊನೆಗೆ, ಊಟದ ಹೊತ್ತಲ್ಲಿ, ಅವಸರದಲ್ಲಿ ಓದುವ ಕವಿಯನ್ನು ಗಮನಿಸಿ. ನಮಗೆ ಒಳ್ಳೆಯ ಇಬ್ಬರು ಅತಿಥಿಗಳು ಸಿಕ್ಕಿದ್ದು ಅಲ್ಲೇ.

ಹೆಸರಾದವರನ್ನೇ ಕರೆಯಬೇಕು ಅಂತ ಹಟ ಬೇಡ. ನೂರು ಸಲ ಸಂದರ್ಶನ ಕೊಟ್ಟವರಲ್ಲಿ ಉತ್ತರ ಸಿದ್ಧ ಇರುತ್ತದೆ. ಮೊದಲ ಪುಸ್ತಕದವರು ಉತ್ತರವನ್ನು ಅಲ್ಲೇ ಹುಡುಕುತ್ತಾರೆ. ಆ ಹುಡುಕಾಟ ಕೇಳಲು ಚೆನ್ನ.

ಇನ್ನು ಓದುವ ಮಾತು. ಪೂರ್ತಿ ಓದಿ. ಬೆನ್ನುಡಿ, ಮುನ್ನುಡಿ ಓದಿ ಕೂರಬೇಡಿ. ಇದನ್ನು ನಾನು ಅವಮಾನಪಟ್ಟು ಕಲಿತೆ. ಒಂದು ಕಾದಂಬರಿಯ ಕೊನೆಯ ಮೂವತ್ತು ಪುಟ ಬಿಟ್ಟು ಸ್ಟುಡಿಯೋಗೆ ಹೋಗಿದ್ದೆ. "ಆ ಅಣ್ಣ ವಾಪಸ್ ಬರೋದೇ ಇಲ್ಲ, ಅಲ್ವಾ?" ಅಂದೆ. ಲೇಖಕಿ ನಕ್ಕು, "ಕೊನೇ ಅಧ್ಯಾಯದಲ್ಲಿ ಬರ್ತಾನೆ" ಅಂದರು. ಆಮೇಲೆ ಅವರು ನನ್ನ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಎರಡು ಸಲ ಓದಲು ಸಮಯ ಇದ್ದರೆ ಮೊದಲ ಸಲ ಪೆನ್ನು ಹಿಡಿಯದೆ ಓದಿ. ಎರಡನೇ ಸಲ ಎಲ್ಲಿ ನಿಂತಿರೋ ಅಲ್ಲಿ ಚೀಟಿ ಇಡಿ. ಹತ್ತು ಹನ್ನೆರಡು ಚೀಟಿ ಸಾಕು. ಅರ್ಥವಾಗದ ಜಾಗ, ನಗು ಬಂದ ಜಾಗ, ಒಪ್ಪಿಗೆಯಾಗದ ಜಾಗ, ಈ ಮೂರೂ ಇರಲಿ. ಮೂರನೆಯದನ್ನು ಸಭ್ಯತೆಗೆ ಅಂತ ಬಿಟ್ಟುಬಿಡುತ್ತೇವೆ. ಬಿಡಬೇಡಿ.

ಮಲೆನಾಡಿನ ಕ್ಯಾಲೆಂಡರ್ ನೋಡಿ ಫೋನ್ ಮಾಡಿ

ನಮ್ಮ ಕಡೆ ಬರೆಯುವವರಲ್ಲಿ ಅರ್ಧಕ್ಕರ್ಧ ಜನ ತೋಟದವರು, ಮೇಷ್ಟರು, ಬ್ಯಾಂಕಿನವರು. ನವೆಂಬರಿಂದ ಜನವರಿವರೆಗೆ ಅಡಿಕೆ ಕೊಯ್ಲು. ಆಗ ಮರ ಹತ್ತಿ ಕೊಯ್ಯುವ ಕೊನೆಗಾರ ಸಿಕ್ಕ ದಿನ ಸಾಹಿತ್ಯ ಎಲ್ಲ ಬದಿಗೆ. ಮಾರ್ಚ್‌ನಲ್ಲಿ ಮೇಷ್ಟರಿಗೆ ಪರೀಕ್ಷೆ, ಬ್ಯಾಂಕಿನವರಿಗೆ ಲೆಕ್ಕ. ಜೂನಿಂದ ಸೆಪ್ಟೆಂಬರ್ ಮಳೆ. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಮರ ಬಿದ್ದು ರಸ್ತೆ ಮುಚ್ಚುತ್ತದೆ, ತಗಡಿನ ಮಾಡಿನ ಕೆಳಗೆ ನಿಮ್ಮ ದನಿ ನಿಮಗೇ ಕೇಳುವುದಿಲ್ಲ.

ಹಾಗಾಗಿ ನಾವು ಫೆಬ್ರವರಿಯಲ್ಲಿ ಮತ್ತು ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತೇವೆ. ಮಳೆಗಾಲಕ್ಕೆ ಹಪ್ಪಳ, ಸಂಡಿಗೆ ಮಾಡಿಟ್ಟ ಹಾಗೆ. ಹದಿನೈದು ದಿನಕ್ಕೊಂದು ಕಂತು ಅಂದರೆ ನಾಲ್ಕು ತಿಂಗಳ ಮಳೆಗೆ ಎಂಟು ಒಂಬತ್ತು ಕಂತು ಬೇಕು. ವಾರಕ್ಕೊಂದು ಅಂತ ಶುರುಮಾಡಬೇಡಿ. ಪುಸ್ತಕ ಓದಲು ಸಮಯ ಸಾಲದೆ ಮತ್ತೆ ಬೆನ್ನುಡಿಗೆ ಇಳಿಯುತ್ತೀರಿ.

ಫೋನ್ ಮಾಡಿದಾಗ ಮೂರು ವಿಷಯ ಹೇಳಿ. ಎಷ್ಟು ಹೊತ್ತು ಬೇಕು, ಬಸ್‌ಚಾರ್ಜು ಕೊಡುತ್ತೀರೋ ಇಲ್ಲವೋ, ಎಲ್ಲೆಲ್ಲಿ ಹಾಕುತ್ತೀರಿ. ದುಡ್ಡಿನ ಮಾತು ಮೊದಲೇ ಆಡಿಬಿಡುವುದು ಒಳ್ಳೆಯದು. "ಪ್ರಶ್ನೆಗಳನ್ನು ಮೊದಲೇ ಕಳಿಸಿ" ಅಂತ ಹೆಚ್ಚಿನವರು ಕೇಳುತ್ತಾರೆ. ನಾನು ಕಳಿಸುವುದಿಲ್ಲ. ಕಳಿಸಿದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ, ಅಲ್ಲಿಗೆ ಅದು ಭಾಷಣ. ಅದರ ಬದಲು ಯಾವ ಕತೆಗಳ ಬಗ್ಗೆ ಮಾತಾಡೋಣ ಅಂತಷ್ಟೇ ಹೇಳುತ್ತೇನೆ.

ಪ್ರಶ್ನೆ

ಇದು ಮುಖ್ಯ ಜಾಗ, ಸ್ವಲ್ಪ ನಿಧಾನ ಮಾಡೋಣ.

"ಈ ಕೃತಿಯ ರಚನೆಗೆ ಪ್ರೇರಣೆ ಏನು?" ಅಂತ ಕೇಳಿ ನೋಡಿ. ಲೇಖಕರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, "ಬಾಲ್ಯದಿಂದಲೂ ನನಗೆ..." ಅಂತ ಶುರುಮಾಡುತ್ತಾರೆ. ಇನ್ನು ಏಳು ನಿಮಿಷ ನಿಮ್ಮ ಕೈಯಲ್ಲಿಲ್ಲ. "ಯುವ ಬರಹಗಾರರಿಗೆ ನಿಮ್ಮ ಸಂದೇಶ?" ಅನ್ನುವುದಂತೂ ಸಮಾರಂಭವನ್ನು ಬಾಗಿಲು ತೆಗೆದು ಒಳಗೆ ಕರೆದ ಹಾಗೆ. ಪ್ರಶ್ನೆ ದೊಡ್ಡದಾದಷ್ಟೂ ಉತ್ತರ ಟೊಳ್ಳು.

ಪುಟ ತೆಗೆದು ಕೇಳಿ. ಒಂದು ಕತೆಯಲ್ಲಿ ಅಜ್ಜಿ ಮನೆ ಬಿಟ್ಟು, ದಣಪೆ (ಬೇಲಿಯ ಬಾಗಿಲು) ದಾಟಿ ಹೊರಡುತ್ತಾಳೆ ಅಂದುಕೊಳ್ಳಿ. "ಅಜ್ಜಿ ದಣಪೆ ದಾಟುವಾಗ ಒಂದು ಸಲ ನಿಲ್ತಾಳೆ. ತಿರುಗಿ ನೋಡೋದಿಲ್ಲ. ಯಾಕೆ ನೋಡಿಸಲಿಲ್ಲ?" ಅಂತ ಕೇಳಿದರೆ ಲೇಖಕರು ಭಾಷಣ ಮಾಡಲು ಆಗುವುದಿಲ್ಲ. ಆ ದಣಪೆ ಯಾರ ಮನೆಯದ್ದು, ಅಜ್ಜಿ ಯಾರು, ಮೊದಲು ಬರೆದಾಗ ತಿರುಗಿ ನೋಡಿದ್ದಳಾ, ಎಲ್ಲ ತಾನಾಗಿ ಹೊರಗೆ ಬರುತ್ತದೆ. ಪುಸ್ತಕ ಓದದವನಿಗೂ ಕಣ್ಣಮುಂದೆ ಒಂದು ಅಜ್ಜಿ ನಿಂತಳು. ನೆನಪಿರಲಿ, ನಿಮ್ಮ ಕೇಳುಗರಲ್ಲಿ ಹೆಚ್ಚಿನವರು ಆ ಪುಸ್ತಕ ಓದಿಲ್ಲ. ಕೆಲವರು ಯಾವತ್ತೂ ಓದಲಿಕ್ಕಿಲ್ಲ. ಅವರಿಗೂ ಆ ಅರ್ಧ ಗಂಟೆಯಲ್ಲಿ ಏನೋ ಒಂದು ಸಿಗಬೇಕು.

ಇನ್ನೊಂದು ಬಗೆಯ ಪ್ರಶ್ನೆ ನನಗೆ ಇಷ್ಟ. ಕೆಲಸದ ಪ್ರಶ್ನೆ. ಎಷ್ಟು ಹೊತ್ತಿಗೆ ಬರೀತೀರಿ? ಕೈಯಲ್ಲೋ ಮೊಬೈಲಲ್ಲೋ? ಮೊದಲು ಯಾರಿಗೆ ಓದಿ ಹೇಳ್ತೀರಿ? ಕಿತ್ತುಹಾಕಿದ ಪುಟ ಯಾವುದು? ಸಾಗರದ ಕಡೆಯ ಒಬ್ಬರು, ತಾವು ಅಡಿಕೆ ಬೇಯಿಸುವ ಒಲೆ ಮುಂದೆ ರಾತ್ರಿ ಕಾವಲು ಕೂತು ಬರೆದದ್ದನ್ನು ಹೇಳಿದರು. ಹಾಳೆಗೆ ಹೊಗೆ ವಾಸನೆ ಹಿಡಿದು ಸಂಪಾದಕರು ಕೇಳಿದರಂತೆ. ಆ ಕಂತಿಗೆ ಬಂದಷ್ಟು ಫೋನ್ ಯಾವುದಕ್ಕೂ ಬರಲಿಲ್ಲ.

ಮುಳುಗಡೆಯಂಥ ವಿಷಯ ಬಂದಾಗ ಜೋಪಾನ. ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಈಗ ಬರೆಯುತ್ತಿದ್ದಾರೆ. "ಆಗ ನಿಮಗೆ ಹೇಗನಿಸಿತು?" ಅಂತ ಟೀವಿಯವರ ಹಾಗೆ ಮೈಕು ಹಿಡಿಯಬೇಡಿ. ಮನೆಯಿಂದ ಏನು ತಂದರು, ಏನು ಅಲ್ಲೇ ಬಿಟ್ಟರು ಅಂತ ಕೇಳಿ. ಸಾಕು.

ಚೀಟಿಯಲ್ಲಿ ಹತ್ತು ಪ್ರಶ್ನೆ ಇದ್ದರೂ ಕೇಳಲು ಆಗುವುದು ಐದಾರು. ಉಳಿದದ್ದು ಅವರು ಹೇಳಿದ್ದಕ್ಕೆ ಹಿಂದೆಯೇ ಕೇಳುವ "ಅಂದ್ರೆ?", "ಆಮೇಲೆ?" ಈ ಎರಡು ಮಾತು ಸಂದರ್ಶನದ ಎರಡು ಕಾಲು.

ಕೋಣೆ, ಮೈಕು, ಜೀರುಂಡೆ

ಸ್ಟುಡಿಯೋ ಚೆನ್ನಾಗಿಲ್ಲ ಅಂತ ಕೊರಗಬೇಡಿ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಶುರುಮಾಡಿದ್ದು ತಮ್ಮ ಮನೆಯಲ್ಲೇ. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಇಂಜಿನಿಯರ್ ಅಲ್ಲ.

ಮಲೆನಾಡಿನ ಮನೆಗೆ ಹೋಗಿ ರೆಕಾರ್ಡ್ ಮಾಡುವುದಾದರೆ ಜಗುಲಿ ಬೇಡ, ನೋಡಲು ಚಂದ, ಕೇಳಲು ಗದ್ದಲ. ಅಡಿಕೆ ಮೂಟೆ ಇಟ್ಟ ಕೋಣೆ ಇದ್ದರೆ ಅಲ್ಲಿ ಕೂರಿ. ಗೋಣಿಚೀಲ ಸದ್ದು ಹೀರಿಕೊಳ್ಳುತ್ತದೆ, ದುಡ್ಡು ಕೊಟ್ಟು ಗೋಡೆಗೆ ಅಂಟಿಸುವ ಸ್ಪಂಜಿಗಿಂತ ಏನೂ ಕಡಿಮೆ ಇಲ್ಲ. ಮೂಟೆ ಇಲ್ಲದಿದ್ದರೆ ಹಾಸಿಗೆ ಇರುವ ಕೋಣೆ, ಕಿಟಕಿಗೆ ಕಂಬಳಿ. ಫ್ಯಾನ್ ಆಫ್. ಫ್ರಿಜ್ ಆಫ್ ಮಾಡಿ ಅದರೊಳಗೆ ನಿಮ್ಮ ಸ್ಕೂಟರ್ ಕೀಲಿ ಇಡಿ, ಹೊರಡುವಾಗ ಆನ್ ಮಾಡಲು ಮರೆಯುವುದಿಲ್ಲ. ಸಂಜೆ ಆರರ ಮೇಲೆ ಜೀರುಂಡೆ ಶುರು. ಅದರ ಸದ್ದನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ತೆಗೆಯುವುದಿಲ್ಲ, ತೆಗೆಯಲು ಹೋದರೆ ಲೇಖಕರ ದನಿ ಕೊಡಪಾನದೊಳಗಿಂದ ಬಂದ ಹಾಗಾಗುತ್ತದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಕೂರುವುದು ಲೇಸು.

ಮೈಕು ಇಬ್ಬರಿಗೂ ಬೇರೆ ಬೇರೆ ಇರಲಿ, ಬೇರೆ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಆಗಲಿ. ಒಬ್ಬರು ಕೆಮ್ಮಿದರೆ ಇನ್ನೊಬ್ಬರ ಮಾತು ಉಳಿಯುತ್ತದೆ. ಡೈನಮಿಕ್ ಮೈಕು ಕೊಳ್ಳಿ. ಕಂಡೆನ್ಸರ್ ಮೈಕು ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತದೆ. ಬಾಯಿಗೂ ಮೈಕಿಗೂ ಅರ್ಧ ಗೇಣು ದೂರ, ಸ್ವಲ್ಪ ಓರೆಯಾಗಿ. ಮೈಕಿಗೆ ಸ್ಪಂಜಿನ ಟೋಪಿ ಬೇಕೇ ಬೇಕು. ನಮ್ಮ ಕಸುಬಿನ ಶಬ್ದ ನೋಡಿ: ಪುಸ್ತಕ, ಪುಟ, ಪ್ರಕಾಶಕರು, ಪ್ರಶಸ್ತಿ. ಎಲ್ಲ ಪಕಾರ. ಟೋಪಿ ಇಲ್ಲದಿದ್ದರೆ ಪ್ರತಿ ವಾಕ್ಯಕ್ಕೂ ಒಂದು ಪಟಾಕಿ.

ರೆಕಾರ್ಡರಿನ ಮೀಟರಿನಲ್ಲಿ ದನಿಯ ಮಟ್ಟ ನೋಡುವಾಗ ಜೋರಾದ ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗಿರಲಿ. ಲೇಖಕರು ಪರೀಕ್ಷೆಗೆ "ಹಲೋ, ಒಂದು ಎರಡು" ಅನ್ನುವಾಗ ಮೆಲ್ಲಗೆ ಅನ್ನುತ್ತಾರೆ, ಆಮೇಲೆ ನಗುವಾಗ ಕೋಣೆ ಹಾರುತ್ತದೆ. ಹಾಗಾಗಿ "ಬೆಳಿಗ್ಗೆ ಏನು ತಿಂಡಿ?" ಅಂತ ಕೇಳಿ ಮಟ್ಟ ಹಾಕಿ. ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲಾಗಿ ಉಳಿಸಿ. ಲ್ಯಾಪ್‌ಟಾಪಿನಿಂದ ಗುಂಯ್ ಅನ್ನುವ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಬಹಳ ಸಲ ಅಷ್ಟಕ್ಕೇ ಹೋಗುತ್ತದೆ. ಮೆಮೊರಿ ಕಾರ್ಡ್ ಖಾಲಿ ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ. ಇದನ್ನು ಹೇಗೆ ಕಲಿತೆ ಅಂತ ಕೇಳಬೇಡಿ.

ಅತಿಥಿ ಬರಲಾಗದಿದ್ದರೆ ಫೋನಿನಲ್ಲಿ ಮಾತಾಡಿ, ಆದರೆ ಫೋನಿನ ದನಿಯನ್ನು ಬಳಸಬೇಡಿ. ಅವರ ಮನೆಯಲ್ಲಿ ಇನ್ನೊಂದು ಮೊಬೈಲ್ ಇರುತ್ತದೆ, ಮಗನದ್ದೋ ಸೊಸೆಯದ್ದೋ. ಅದನ್ನು ಫ್ಲೈಟ್ ಮೋಡಿಗೆ ಹಾಕಿ, ರೆಕಾರ್ಡರ್ ಆನ್ ಮಾಡಿ, ಬಾಯಿ ಹತ್ತಿರ ಇಟ್ಟುಕೊಳ್ಳಲಿ. ಆಮೇಲೆ ಆ ಫೈಲನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲಿ. ನಿಮ್ಮ ಕಡೆಯದ್ದು ನೀವು ರೆಕಾರ್ಡ್ ಮಾಡಿ, ಎರಡನ್ನೂ ಜೋಡಿಸಿ. ನೆಟ್‌ವರ್ಕ್ ನಡುವೆ ಕಡಿದರೂ ದನಿ ಕಡಿಯುವುದಿಲ್ಲ.

ಕೂತ ಮೇಲೆ

ಪರಿಚಯ ಮೂರು ವಾಕ್ಯ. ಯಾರು, ಯಾವ ಊರು, ಯಾವ ಪುಸ್ತಕ. ಪ್ರಶಸ್ತಿಗಳ ಪಟ್ಟಿ ಬೇಡ. ಅವರು ಬೇಸರ ಮಾಡಿಕೊಂಡಾರು ಅಂತ ಹೆದರಿಕೆ ಇದ್ದರೆ ಪಟ್ಟಿಯನ್ನು ಪಾಡ್‌ಕಾಸ್ಟಿನ ವಿವರಣೆಯಲ್ಲಿ ಬರೆಯುತ್ತೇವೆ ಅನ್ನಿ. "ಸರ್", "ಮೇಡಂ" ಅನ್ನುವುದು ಆರಂಭದಲ್ಲಿ ಒಂದು ಸಲ, ಕೊನೆಗೆ ಒಂದು ಸಲ ಸಾಕು. ಪರಿಚಯದ ಹಿರಿಯರನ್ನು ಮನೆಯಲ್ಲಿ ಏನನ್ನುತ್ತೀರೋ ಹಾಗೇ ಕರೆಯಬಹುದು. ನಾನು ನಮ್ಮ ಮೇಷ್ಟ್ರನ್ನು ಮೈಕಿನಲ್ಲೂ ಮೇಷ್ಟ್ರೇ ಅಂದೆ, ಅವರು ಅದರಿಂದಲೇ ಸಡಿಲಾದರು.

ನಮಗೆ ಕತೆ ಕೇಳುವಾಗ ಹೂಂಗುಟ್ಟುವ ಅಭ್ಯಾಸ. ಹೂಂ ಅನ್ನದಿದ್ದರೆ ಅಜ್ಜಿ ಕತೆ ನಿಲ್ಲಿಸುತ್ತಿದ್ದಳು. ಮೈಕಿನ ಮುಂದೆ ಇದೇ ಶತ್ರು. ನನ್ನ ಮೊದಲ ಕಂತು ಕೇಳಿದರೆ ಲೇಖಕರ ಹಿಂದೆ ಒಂದು ಕರು ಕಟ್ಟಿದ ಹಾಗಿದೆ. ತಲೆ ಆಡಿಸಿ, ಕಣ್ಣಲ್ಲಿ ಹೂಂ ಅನ್ನಿ. ಆದರೆ ಮೊದಲೇ ಅವರಿಗೆ ಹೇಳಿರಿ, ಇಲ್ಲದಿದ್ದರೆ ಇವನಿಗೆ ಕೇಳುತ್ತಿಲ್ಲವೇನೋ ಅಂದುಕೊಳ್ಳುತ್ತಾರೆ.

ಅವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ. ಒಳ್ಳೆಯ ಮಾತು ಬಹಳ ಸಲ ಆ ಮೂರರ ಆಚೆ ಇರುತ್ತದೆ.

ಊರಿನ ಮಾತನ್ನು ತಿದ್ದಬೇಡಿ. ಪುಸ್ತಕದಲ್ಲಿ ಹವ್ಯಕರ ಮಾತೋ ದೀವರ ಮಾತೋ ಇದ್ದರೆ ಅದನ್ನು ಬಾಯಲ್ಲಿ ಆಡಿಸಿ. ಮೈಕು ಕಂಡ ಕೂಡಲೇ ಪುಸ್ತಕದ ಕನ್ನಡಕ್ಕೆ ಏರುವವರಿಗೆ, "ಇದನ್ನ ಮನೇಲಿ ಹೇಗೆ ಅಂತೀರಿ?" ಅನ್ನಿ, ಇಳಿಯುತ್ತಾರೆ. ಸಮುದಾಯ ರೇಡಿಯೋದ ಸರ್ಕಾರಿ ನಿಯಮದಲ್ಲೂ ಕಾರ್ಯಕ್ರಮ ಸ್ಥಳೀಯ ಭಾಷೆ, ಉಪಭಾಷೆಯಲ್ಲಿ ಇದ್ದರೆ ಒಳ್ಳೆಯದು ಅಂತ ಇದೆ. ಅದೇ ನಿಯಮ ಸ್ವಂತ ಸುದ್ದಿ ಓದುವುದನ್ನು ಒಪ್ಪುವುದಿಲ್ಲ. ಲೇಖಕರು ಚುನಾವಣೆಯ ಕಡೆ ಹೊರಳಿದರೆ ಮೆಲ್ಲಗೆ ಪುಸ್ತಕಕ್ಕೆ ಕರೆದುಕೊಂಡು ಬನ್ನಿ. ಪ್ರಸಾರ ಮಾಡಿದ್ದನ್ನು ಮೂರು ತಿಂಗಳು ಕಾಪಿಡುವುದೂ ನಿಯಮ.

ಎಲ್ಲ ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಕೂತು ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ. ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಬೇಕು. ಮನೆಯವರು ಅಷ್ಟರಲ್ಲಿ ಕೋಡುಬಳೆ ತಂದಿಟ್ಟಿರುತ್ತಾರೆ. ಆ ಅರ್ಧ ನಿಮಿಷ ತಡೆದುಕೊಳ್ಳಿ.

ಓದಿಸುವುದು ಮತ್ತು ಹಕ್ಕು

ಲೇಖಕರಿಂದಲೇ ಎರಡು ಮೂರು ನಿಮಿಷದ ಭಾಗ ಓದಿಸಿ. ಯಾವ ಭಾಗ ಅಂತ ನೀವು ಆರಿಸಿ, ಅವರು ಆರಿಸಿದರೆ ತೂಕದ ಸಾಲುಗಳನ್ನೇ ಆರಿಸುತ್ತಾರೆ. ಸಂಭಾಷಣೆ ಇರುವ ಜಾಗ ಕಿವಿಗೆ ಹಿಡಿಸುತ್ತದೆ. ಹಾಳೆ ತಿರುಗಿಸುವ ಸದ್ದು ಬಾರದಂತೆ ಜೆರಾಕ್ಸ್ ಮಾಡಿಸಿ ಬಿಡಿ ಹಾಳೆ ಕೊಡಿ.

ಹಕ್ಕಿನ ಕಾಗದ ರೆಕಾರ್ಡಿಂಗ್‌ಗೆ ಮೊದಲೇ ಸಹಿ ಆಗಲಿ. ಒಂದೇ ಪುಟ, ಕನ್ನಡದಲ್ಲಿ: ರೇಡಿಯೋದಲ್ಲಿ ಹಾಕಬಹುದು, ಪಾಡ್‌ಕಾಸ್ಟಿನಲ್ಲಿ ಹಾಕಬಹುದು, ತುಣುಕು ಮಾಡಬಹುದು. ಕೆಲವು ಸಲ ಹಕ್ಕು ಪ್ರಕಾಶಕರ ಹತ್ತಿರ ಇರುತ್ತದೆ, ಆಗ ಅವರ ಒಪ್ಪಿಗೆಯೂ ಬೇಕು. ವಿಮರ್ಶೆಗೆ ಅಂತ ನಾಲ್ಕು ಸಾಲು ಉಲ್ಲೇಖಿಸಲು 1957ರ ಹಕ್ಕುಸ್ವಾಮ್ಯ ಕಾಯ್ದೆ ಅವಕಾಶ ಕೊಡುತ್ತದೆ, ಇಡೀ ಕತೆ ಓದಲು ಅಲ್ಲ. ನಮ್ಮ ಕಡೆ ಇನ್ನೊಂದು ಭ್ರಮೆ ಇದೆ. ಕುವೆಂಪು ನಮ್ಮವರೇ, ಅವರ ಪದ್ಯ ಎಲ್ಲರ ಆಸ್ತಿ ಅಂತ. ಪ್ರೀತಿಗೆ ಸರಿ, ಕಾನೂನಿಗೆ ಅಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಲೆಕ್ಕ ಹಾಕಿದರೆ 2054ರ ಕೊನೆವರೆಗೆ.

ಆರಂಭಕ್ಕೆ ಸಿನಿಮಾ ಹಾಡಿನ ತುಣುಕು ಬೇಡವೇ ಬೇಡ. ಊರಿನಲ್ಲಿ ಕೊಳಲು ಊದುವವರೊಬ್ಬರಿಂದ ಹತ್ತು ಸೆಕೆಂಡು ಹೊಸದಾಗಿ ನುಡಿಸಿ, ಬರೆಸಿಕೊಂಡು ಇಟ್ಟುಕೊಳ್ಳಿ.

ಕತ್ತರಿ

ಐವತ್ತು ನಿಮಿಷದ ಮಾತಿನಲ್ಲಿ ರೇಡಿಯೋಗೆ 28 ನಿಮಿಷ, ಪಾಡ್‌ಕಾಸ್ಟಿಗೆ ಮೂವತ್ತೈದು ನಲವತ್ತು. ಆಡಾಸಿಟಿ ಸಾಫ್ಟ್‌ವೇರ್ ಪುಕ್ಕಟೆ, ಸಾಕಷ್ಟಾಯಿತು. ಮೊದಲು ನಿಮ್ಮ ಮಾತನ್ನೇ ಕತ್ತರಿಸಿ. ನನ್ನ ಪ್ರಶ್ನೆಗಳು ಯಾವಾಗಲೂ ನನಗೆ ಬೇಕಾದ್ದಕ್ಕಿಂತ ಎರಡು ಪಟ್ಟು ಉದ್ದ ಇರುತ್ತವೆ. ಆಮೇಲೆ ನಮಸ್ಕಾರ, ಧನ್ಯವಾದ, "ತುಂಬಾ ಒಳ್ಳೆ ಪ್ರಶ್ನೆ" ಎಲ್ಲ ತೆಗೆಯಿರಿ. ಲೇಖಕರ "ಅಂದ್ರೆ", "ಏನಪ್ಪಾ ಅಂದ್ರೆ" ಗಳನ್ನು ಪೂರ್ತಿ ಕೀಳಬೇಡಿ, ಅದು ಅವರ ಉಸಿರು.

ಪಾಡ್‌ಕಾಸ್ಟಿಗೆ ದನಿಯ ಮಟ್ಟ ಮೈನಸ್ 16 ಲಫ್ಸ್ (ಒಟ್ಟಾರೆ ದನಿ ಕಿವಿಗೆ ಎಷ್ಟು ಜೋರು ಅನ್ನುವ ಅಳತೆ) ಸುತ್ತ ಇಡುವುದು ರೂಢಿ, ಮೋನೋ (ಎರಡೂ ಕಿವಿಗೆ ಒಂದೇ ದನಿ) ಆದರೆ ಮೈನಸ್ 19. ಎಂಪಿ3 ಮಾಡುವಾಗ ಮೋನೋ, 64 ಕೆಬಿಪಿಎಸ್ ಸಾಕು. ಅರ್ಧ ಗಂಟೆಯ ಕಂತು ಸುಮಾರು 14 ಎಂಬಿ ಆಗುತ್ತದೆ. ಗುಡ್ಡ ಹತ್ತಿ ನೆಟ್‌ವರ್ಕ್ ಹಿಡಿಯುವವರೂ ಇಳಿಸಿಕೊಳ್ಳಬಹುದು. ಕೊನೆಗೆ ಒಂದು ಸಲ ಸಾಧಾರಣ ಮೊಬೈಲಿನ ಸ್ಪೀಕರಿನಲ್ಲಿ, ಅಡುಗೆಮನೆಯಲ್ಲಿ ಕೇಳಿ. ಹೆಡ್‌ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ.

ಹಾಕುವುದು, ತಲುಪಿಸುವುದು

ಕಂತುಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಡುವ ಪಾಡ್‌ಕಾಸ್ಟ್ ಹೋಸ್ಟಿಂಗ್ ಸೇವೆಯೊಂದರಲ್ಲಿ ಖಾತೆ ತೆರೆದರೆ ಅದು ಒಂದು ಆರ್‌ಎಸ್‌ಎಸ್ (RSS) ಕೊಂಡಿ ಕೊಡುತ್ತದೆ, ಅಂದರೆ ನಿಮ್ಮ ಎಲ್ಲ ಕಂತುಗಳ ಪಟ್ಟಿ ಇರುವ ವಿಳಾಸ. ಆ ಕೊಂಡಿಯನ್ನು ಸ್ಪಾಟಿಫೈ, ಆಪಲ್ ಕಡೆ ಒಮ್ಮೆ ಕೊಟ್ಟರೆ ಮುಂದಿನ ಕಂತುಗಳು ತಾವೇ ಹೋಗುತ್ತವೆ. ಮುಖಚಿತ್ರ ಚೌಕ ಇರಬೇಕು, 1400ರಿಂದ 3000 ಪಿಕ್ಸೆಲ್ ಒಳಗೆ. ಯೂಟ್ಯೂಬಿಗೂ ಹಾಕಿ, ನಮ್ಮಲ್ಲಿ ಕೇಳುವವರು ಅಲ್ಲೇ ಜಾಸ್ತಿ. ಕಂತಿನ ಹೆಸರು "ಖ್ಯಾತ ಸಾಹಿತಿಗಳೊಂದಿಗೆ ಸಂವಾದ" ಅಂತ ಇಡಬೇಡಿ. "ಹೊಗೆ ವಾಸನೆಯ ಹಾಳೆಗಳು" ಅಂತ ಇಟ್ಟಾಗ ನಮ್ಮದನ್ನು ಒತ್ತಿದರು. ವಿವರಣೆಯಲ್ಲಿ ಪ್ರಕಾಶಕರ ಹೆಸರು, ಬೆಲೆ, ಎಲ್ಲಿ ಸಿಗುತ್ತದೆ ಅನ್ನುವುದನ್ನು ಬರೆಯಿರಿ. ಲೇಖಕರ ಸ್ವಂತ ನಂಬರ್ ಬೇಡ.

ಒಂದು ನಿಮಿಷದ ತುಣುಕು ಮಾಡಿ ವಾಟ್ಸಾಪ್ ಗುಂಪುಗಳಿಗೆ ಬಿಡಿ. ತೋಟದವರ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು, ಊರಿನ ಗುಂಪು. ಸಾಹಿತ್ಯದ ಗುಂಪಿಗಿಂತ ಅಲ್ಲಿಂದಲೇ ಹೆಚ್ಚು ಜನ ಬರುತ್ತಾರೆ.

ಲೇಖಕರಿಗೆ ಪೂರ್ತಿ ಕಂತನ್ನು ತಲುಪಿಸುವುದು ನಿಮ್ಮ ಕೆಲಸ. ಕೊಂಡಿ ಕಳಿಸಿ ಕೈತೊಳೆದುಕೊಳ್ಳಬೇಡಿ, ಹಿರಿಯರು ಹಲವರು ಅದನ್ನು ತೆರೆಯುವುದಿಲ್ಲ. ಹೊಸನಗರದ ಆ ಕತೆಗಾರರ ಮನೆಯಲ್ಲಿ ಪೆನ್‌ಡ್ರೈವ್ ಹಾಕಿ ಕೇಳುವ ಹಳೆಯ ಸ್ಪೀಕರ್ ಪೆಟ್ಟಿಗೆ ಇತ್ತು. ಪೆನ್‌ಡ್ರೈವನ್ನು ಲಕೋಟೆಯಲ್ಲಿ ಹಾಕಿ, ಹೆಸರು ಬರೆದು, ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆವು. ಸಂಜೆ ಏಳಕ್ಕೆ ಫೋನ್ ಬಂತು. ಹಿಂದೆ ಅವರದ್ದೇ ದನಿ ಜೋರಾಗಿ ಕೇಳುತ್ತಿತ್ತು, ಯಾರೋ ನಗುತ್ತಿದ್ದರು. "ತಡೀರಿ, ಆಮೇಲೆ ಮಾತಾಡ್ತೀನಿ" ಅಂತ ಇಟ್ಟುಬಿಟ್ಟರು.